ಚೆಂಡಿಗೆ ದಾರಿ ಹೇಳುವ ಗೋಡೆ

ಇಟ್ಟಿಗೆ ಒಡೆಯುವ ವಿಡಿಯೊ ಆಟವನ್ನು ಒಮ್ಮೆಯೂ ಕಾಣದವರು ಇಂದು ವಿರಳ. ಪರದೆಯ ಮೇಲ್ಭಾಗದಲ್ಲಿ ಬಣ್ಣಬಣ್ಣದ ಇಟ್ಟಿಗೆಗಳ ಸಾಲು, ತಳದಲ್ಲಿ ಎಡಕ್ಕೂ ಬಲಕ್ಕೂ ಸರಿಯುವ ಒಂದು ಪಟ್ಟಿ, ಇವೆರಡರ ನಡುವೆ ಪುಟಿಯುತ್ತ ಓಡುವ ಚೆಂಡು. ಚೆಂಡು ತಾಗಿದ ಇಟ್ಟಿಗೆ ಮಾಯವಾಗುತ್ತದೆ. ಪಟ್ಟಿಗೆ ಸಿಗದೆ ಚೆಂಡು ಕೆಳಗೆ ಜಾರಿದರೆ ಆಟಗಾರನ ಒಂದು ಸರದಿ ಮುಗಿಯುತ್ತದೆ. ನೋಡುವವರ ಗಮನವೆಲ್ಲ ಚೆಂಡಿನ ಮೇಲೆಯೇ ಇರುತ್ತದೆ. ಓಡುವುದು, ಒಡೆಯುವುದು, ಗೆಲ್ಲಿಸುವುದು, ಸೋಲಿಸುವುದು ಎಲ್ಲವೂ ಅದರ ಕೆಲಸವೆಂದೇ ತೋರುತ್ತದೆ. ಆದರೆ ಆಟವನ್ನು ಕಟ್ಟಿದವರ ಕಡೆಯಿಂದ ನೋಡಿದರೆ ಚೆಂಡಿಗೆ ಸ್ವಂತದ್ದೆನ್ನುವಂಥದು ಬಹಳ ಕಡಿಮೆ. ಅದು ಎತ್ತ ಹೋಗಬೇಕು, ಎಷ್ಟು ವೇಗದಲ್ಲಿ ಹೋಗಬೇಕು, ಏನನ್ನು ಒಡೆಯಬೇಕು ಎಂಬುದನ್ನೆಲ್ಲ ತೀರ್ಮಾನಿಸುವುದು ಅದು ಹೋಗಿ ತಾಗುವ ಮೈ. ಚೆಂಡಿನ ಚರಿತ್ರೆಯನ್ನು ಸರಿಯಾಗಿ ಬರೆಯಬೇಕಾದರೆ ಗೋಡೆಯ ಚರಿತ್ರೆಯನ್ನೇ ಬರೆಯಬೇಕು ಎಂಬುದು ಈ ಲೇಖನದ ವಾದ. ಇದಕ್ಕೆ ಅರ್ಧ ಸಾಕ್ಷಿ ಕ್ಯಾಲಿಫೋರ್ನಿಯಾದ ಆಟದ ಯಂತ್ರಗಳಲ್ಲಿದೆ. ಉಳಿದರ್ಧ, ಚೆಂಡಿಗೂ ಇಟ್ಟಿಗೆಗೂ ನಿಜವಾಗಿಯೇ ಮುಖಾಮುಖಿಯಾಗಿದ್ದ ಒಮಾನ್ ದೇಶದ ಕೋಟೆಗಳಲ್ಲಿದೆ.

ಮೊದಲು ಆಟದ ಚೆಂಡನ್ನು ನೋಡೋಣ. ಅಟಾರಿ ಕಂಪನಿಯ 'ಬ್ರೇಕ್‌ಔಟ್' 1976ರಲ್ಲಿ ಬಂತು. ನೋಲನ್ ಬುಶ್ನೆಲ್ ಮತ್ತು ಸ್ಟೀವ್ ಬ್ರಿಸ್ಟೋ ಅದರ ಕಲ್ಪನೆ ಕೊಟ್ಟರು. ಕೆಲಸ ಸ್ಟೀವ್ ಜಾಬ್ಸ್ ಕೈಗೆ ಬಂತು. ಅವನ ಗೆಳೆಯ ಸ್ಟೀವ್ ವೊಜ್ನಿಯಾಕ್ ನಾಲ್ಕು ದಿನ ನಿದ್ದೆಗೆಟ್ಟು ಸುಮಾರು 45 ಚಿಪ್‌ಗಳಲ್ಲಿ ಅದರ ವಿದ್ಯುನ್ಮಂಡಲವನ್ನು ಹೆಣೆದ. ಆ ಹೆಣಿಗೆ ಎಷ್ಟು ಬಿಗಿಯಾಗಿತ್ತೆಂದರೆ ಕಾರ್ಖಾನೆಯಲ್ಲಿ ಅದನ್ನು ಹಾಗೆಯೇ ತಯಾರಿಸಲು ಆಗಲಿಲ್ಲ. ಮಾರುಕಟ್ಟೆಗೆ ಬಂದ ಯಂತ್ರದಲ್ಲಿ ಸುಮಾರು 100 ಚಿಪ್‌ಗಳಿದ್ದವು. ಅದರೊಳಗೆ ಮೈಕ್ರೊಪ್ರೊಸೆಸರ್ ಇರಲಿಲ್ಲ, ಪ್ರೋಗ್ರಾಮೂ ಇರಲಿಲ್ಲ. ಇಷ್ಟು ಬಡ ಸಲಕರಣೆಯಲ್ಲಿ ಚೆಂಡಿಗೆ ತೂಕ, ಗುರುತ್ವ, ಘರ್ಷಣೆ ಕೊಡುವುದು ಸಾಧ್ಯವಿರಲಿಲ್ಲ. ಚೆಂಡೆಂದರೆ ಪರದೆಯ ಮೇಲಿನ ಒಂದು ಸಣ್ಣ ಚೌಕ. ಇಂಥ ಚೆಂಡಿನ ಚಲನೆಗೆ ಎರಡೇ ಅಂಶ ಸಾಕು: ಪ್ರತಿ ಕ್ಷಣಕ್ಕೂ ಅಡ್ಡಡ್ಡ ಎಷ್ಟು ಸರಿಯಬೇಕು, ಉದ್ದುದ್ದ ಎಷ್ಟು ಸರಿಯಬೇಕು. ಪಕ್ಕದ ಗೋಡೆ ತಾಗಿದರೆ ಅಡ್ಡ ಚಲನೆ ತಿರುಗುಮುರುಗಾಗುತ್ತದೆ, ಉದ್ದದ್ದು ಹಾಗೆಯೇ ಉಳಿಯುತ್ತದೆ. ಮೇಲಿನ ಗೋಡೆಯನ್ನೋ ಇಟ್ಟಿಗೆಯ ತಳವನ್ನೋ ತಾಗಿದರೆ ಉದ್ದದ್ದು ತಿರುಗುತ್ತದೆ, ಅಡ್ಡದ್ದು ಉಳಿಯುತ್ತದೆ. ಕೂಡಿದರೂ ಕಳೆದರೂ ಚೆಂಡಿನ ಗಣಿತ ಇಷ್ಟೇ. ತಾನು ಯಾವ ಕಡೆಯಿಂದ ಬಂದೆ, ಏನನ್ನು ಒಡೆದೆ ಎಂಬ ನೆನಪು ಅದಕ್ಕಿಲ್ಲ.

ಹಾಗಾದರೆ ಆಟದಲ್ಲಿ ವೈವಿಧ್ಯ ಬಂದದ್ದು ಎಲ್ಲಿಂದ? ಈ ಪ್ರಶ್ನೆಗೆ ಉತ್ತರ ನಾಲ್ಕು ವರ್ಷ ಹಿಂದಿನ 'ಪಾಂಗ್' ಆಟದಲ್ಲಿದೆ. 1972ರಲ್ಲಿ ಅಟಾರಿಯ ಎಂಜಿನಿಯರ್ ಆಲನ್ ಆಲ್ಕಾರ್ನ್ ಪಾಂಗ್ ಕಟ್ಟುವಾಗ ಒಂದು ವಿಷಯವನ್ನು ಕಂಡುಕೊಂಡ: ಪಟ್ಟಿ ನೆಟ್ಟನೆಯ ಗೋಡೆಯ ಹಾಗೆ ಚೆಂಡನ್ನು ಹಿಂದಿರುಗಿಸಿದರೆ ಆಟ ಸಪ್ಪೆಯಾಗುತ್ತದೆ, ಬಂದ ಕೋನದಲ್ಲೇ ಹೋಗುವ ಚೆಂಡಿನ ಮೇಲೆ ಆಟಗಾರನಿಗೆ ಯಾವ ಹಿಡಿತವೂ ಇರುವುದಿಲ್ಲ. ಆದ್ದರಿಂದ ಆತ ಪಟ್ಟಿಯನ್ನು ಎಂಟು ತುಂಡುಗಳಾಗಿ ಎಣಿಸಿದ. ನಡುವಿನ ತುಂಡುಗಳಿಗೆ ತಾಗಿದ ಚೆಂಡು ನೇರವಾಗಿ ಹಿಂದಿರುಗುತ್ತದೆ, ಅಂಚಿನತ್ತ ಹೋದಷ್ಟೂ ಓರೆಯಾಗಿ ಹೋಗುತ್ತದೆ. ಕಣ್ಣಿಗೆ ಪಟ್ಟಿ ನೆಟ್ಟಗೇ ಕಂಡರೂ ಚೆಂಡಿಗೆ ಅದು ಉಬ್ಬಿದ ಮೈ. ಇಟ್ಟಿಗೆ ಒಡೆಯುವ ಆಟಗಳೂ ಇದೇ ಉಪಾಯವನ್ನು ಮುಂದುವರಿಸಿದವು. ಬ್ರೇಕ್‌ಔಟ್‌ನ ಉಳಿದ ನಿಯಮಗಳೂ ಮೈಗೇ ಅಂಟಿಕೊಂಡಿವೆ. ಅಲ್ಲಿ ಸಾಲಿಗೆ 14ರಂತೆ ಎಂಟು ಸಾಲು ಇಟ್ಟಿಗೆ. ಕಪ್ಪುಬಿಳುಪು ಪರದೆಯ ಮೇಲೆ ಬಣ್ಣದ ಸೆಲೋಫೇನ್ ಪಟ್ಟಿ ಅಂಟಿಸಿ ಹಳದಿ, ಹಸಿರು, ಕಿತ್ತಳೆ, ಕೆಂಪು ತೋರಿಸುತ್ತಿದ್ದರು. ಅವುಗಳ ಬೆಲೆ ಕ್ರಮವಾಗಿ 1, 3, 5, 7. ನಾಲ್ಕನೆಯ ಮತ್ತು ಹನ್ನೆರಡನೆಯ ತಾಗಿಗೆ ಚೆಂಡಿನ ವೇಗ ಏರುತ್ತದೆ. ಕಿತ್ತಳೆ ಸಾಲನ್ನೂ ಕೆಂಪು ಸಾಲನ್ನೂ ಮುಟ್ಟಿದಾಗ ಮತ್ತೆ ಏರುತ್ತದೆ. ಕೆಂಪು ಸಾಲನ್ನು ಸೀಳಿ ಮೇಲಿನ ಗೋಡೆಗೆ ತಾಗಿದರೆ ಪಟ್ಟಿ ಅರ್ಧಕ್ಕೆ ಕುಗ್ಗುತ್ತದೆ. ಹತ್ತು ವರ್ಷದ ನಂತರ, 1986ರಲ್ಲಿ, ಜಪಾನಿನ ಟೈಟೊ ಕಂಪನಿ 'ಆರ್ಕನಾಯ್ಡ್' ತಂದಾಗಲೂ ಹೊಸತನದ ಬಹುಪಾಲು ಮೈಗಳಲ್ಲೇ ಇತ್ತು: ಹಲವು ಪೆಟ್ಟು ಬೇಡುವ ಬೆಳ್ಳಿ ಇಟ್ಟಿಗೆ, ಎಷ್ಟು ಹೊಡೆದರೂ ಒಡೆಯದ ಚಿನ್ನದ ಇಟ್ಟಿಗೆ, ಹಿಗ್ಗುವ ಪಟ್ಟಿ, ಚೆಂಡನ್ನು ಹಿಡಿದಿಟ್ಟುಕೊಳ್ಳುವ ಪಟ್ಟಿ.

ಚಲನೆಯನ್ನು ಹೀಗೆ ಎರಡಾಗಿ ಸೀಳಿ, ಒಂದನ್ನು ತಿರುಗಿಸಿ ಇನ್ನೊಂದನ್ನು ಉಳಿಸುವ ವಿಚಾರ ಮಾತ್ರ ಅಟಾರಿಯದಲ್ಲ. ಅದನ್ನು ಸ್ಪಷ್ಟವಾಗಿ ಬರೆದಿಟ್ಟವರಲ್ಲಿ ಮೊದಲಿಗ ಇಬ್ನ್ ಅಲ್ ಹೈತಮ್. 965ರಲ್ಲಿ ಬಸ್ರಾದಲ್ಲಿ ಹುಟ್ಟಿದ ಈತ ಕೈರೋದಲ್ಲಿದ್ದಾಗ 'ಕಿತಾಬ್ ಅಲ್ ಮನಾಜಿರ್' ಎಂಬ ಏಳು ಭಾಗಗಳ ದೃಗ್ವಿಜ್ಞಾನ ಗ್ರಂಥವನ್ನು ಬರೆದ. ಬೆಳಕು ಕನ್ನಡಿಯಿಂದ ಯಾಕೆ ಬಂದ ಕೋನದಲ್ಲೇ ಮರಳುತ್ತದೆ ಎಂಬುದನ್ನು ವಿವರಿಸಲು ಆತ ಗಟ್ಟಿ ಮೈಗೆ ಎಸೆದ ನುಣುಪಾದ ಗುಂಡನ್ನು ತೆಗೆದುಕೊಂಡ. ಗುಂಡಿನ ಚಲನೆಯಲ್ಲಿ ಮೈಗೆ ಲಂಬವಾದ ಭಾಗ ಒಂದು, ಮೈಗುಂಟ ಸಾಗುವ ಭಾಗ ಇನ್ನೊಂದು. ಮೈ ತಡೆಯುವುದು ಲಂಬ ಭಾಗವನ್ನು ಮಾತ್ರ. ಮೈಗುಂಟ ಸಾಗುವ ಭಾಗಕ್ಕೆ ತಡೆಯಿಲ್ಲ. ಬ್ರೇಕ್‌ಔಟ್ ಚೆಂಡಿನ ಇಡೀ ನಿಯಮ ಇಲ್ಲಿದೆ. ಅಷ್ಟೇ ಅಲ್ಲ, ಗೋಳಾಕಾರದ ಕನ್ನಡಿಯ ಮೇಲೆ ಯಾವ ಬಿಂದುವಿಗೆ ತಾಗಿದರೆ ಬೆಳಕು ನಮಗೆ ಬೇಕಾದ ಜಾಗಕ್ಕೆ ಹೋಗುತ್ತದೆ ಎಂಬ ಕಠಿಣ ಲೆಕ್ಕವನ್ನೂ ಆತ ಕೈಗೆತ್ತಿಕೊಂಡ. ಅದು ಇಂದಿಗೂ ಅವನ ಹೆಸರಿನಲ್ಲೇ ಇದೆ. ಉಬ್ಬಿದ ಪಟ್ಟಿಯ ಯಾವ ತುಂಡಿಗೆ ಚೆಂಡನ್ನು ತಾಗಿಸಿದರೆ ಆ ಮೂಲೆಯ ಇಟ್ಟಿಗೆ ಒಡೆದೀತು ಎಂದು ಆಟಗಾರ ಹಾಕುವ ಲೆಕ್ಕ ಅದೇ ಜಾತಿಯದು. ಈ ಗ್ರಂಥ ಲ್ಯಾಟಿನ್‌ಗೆ ಹೋಗಿ 1572ರಲ್ಲಿ ಮುದ್ರಣವಾಯಿತು. 1637ರಲ್ಲಿ ಡೆಕಾರ್ಟ್ ಬೆಳಕಿನ ಪ್ರತಿಫಲನವನ್ನು ಟೆನಿಸ್ ಚೆಂಡಿನ ಮೂಲಕ ವಿವರಿಸಿದ. ಬಸ್ರಾ ಒಮಾನಿಗೆ ಪರಕೀಯ ಊರೇನೂ ಆಗಿರಲಿಲ್ಲ. ಒಮಾನಿನ ಅಜ್ದ್ ಕುಲದವರು ಏಳನೆಯ ಶತಮಾನದಲ್ಲೇ ಅಲ್ಲಿ ನೆಲೆ ನಿಂತಿದ್ದರು. ಒಮಾನಿಗಳು ಅನುಸರಿಸುವ ಇಬಾದಿ ಪಂಥದ ಮೂಲಗುರು ಜಾಬಿರ್ ಬಿನ್ ಜೈದ್ ಒಮಾನಿನ ನಿಜ್ವಾ ಬಳಿಯ ಫಿರ್ಕ್ ಊರಿನವನು, ಬದುಕಿದ್ದು ಬಸ್ರಾದಲ್ಲಿ.

ಗುಂಡು ಒಮಾನಿನ ಗೋಡೆಗಳಿಗೆ ನಿಜವಾಗಿ ತಾಗತೊಡಗಿದ್ದು ಹದಿನಾರನೆಯ ಶತಮಾನದಲ್ಲಿ. 1507ರಲ್ಲಿ ಪೋರ್ಚುಗೀಸ್ ನಾಯಕ ಅಫೊನ್ಸೊ ದ ಅಲ್ಬುಕರ್ಕ್‌ನ ಹಡಗುಗಳು ಮಸ್ಕತ್ ಮೇಲೆ ಎರಗಿ ಊರನ್ನು ಸುಟ್ಟವು. 1552ರಲ್ಲಿ ಒಟ್ಟೋಮನ್ ನೌಕಾಧಿಪತಿ ಪೀರಿ ರೇಸ್ ಪೋರ್ಚುಗೀಸರ ಕೈಯಿಂದ ಅದೇ ಊರನ್ನು ಕಿತ್ತುಕೊಂಡು ಲೂಟಿ ಮಾಡಿದ. ಮೂರು ದಶಕದ ಮೇಲೆ ಮತ್ತೊಂದು ತುರ್ಕಿ ದಾಳಿಯಾದಾಗ ಪೋರ್ಚುಗೀಸರು ಪಾಠ ಕಲಿತು 1580ರ ದಶಕದಲ್ಲಿ ಬಂದರಿನ ಎರಡು ಬಂಡೆಗಳ ಮೇಲೆ ಇಂದಿನ ಜಲಾಲಿ ಮತ್ತು ಮೀರಾನಿ ಕೋಟೆಗಳನ್ನು ಗಟ್ಟಿಗೊಳಿಸಿದರು. ಇತ್ತ ಒಳನಾಡಿನ ಕೋಟೆಗಳು ಬೇರೆಯೇ ಕಾಲದವು. ಬಹ್ಲಾ ಕೋಟೆ ಅದಕ್ಕೆ ಒಳ್ಳೆಯ ಮಾದರಿ. ಹನ್ನೆರಡರಿಂದ ಹದಿನೈದನೆಯ ಶತಮಾನದವರೆಗೆ ಒಳನಾಡನ್ನು ಆಳಿದ ಬನೂ ನಬ್ಹಾನರ ಕಾಲದಲ್ಲಿ ಬೆಳೆದ ಈ ಕೋಟೆಯದು ಕಲ್ಲಿನ ಅಡಿಪಾಯ, ಅದರ ಮೇಲೆ ಬಿಸಿಲಲ್ಲಿ ಒಣಗಿಸಿದ ಹಸಿ ಇಟ್ಟಿಗೆಯ ಗೋಡೆ. ಓಯಸಿಸ್ಸನ್ನೂ ತೋಟಗಳನ್ನೂ ಸುತ್ತುವರಿದ ಮಣ್ಣಿನ ಗೋಡೆಯ ಉದ್ದ 12 ಕಿಲೋಮೀಟರಿನಷ್ಟು. ಬಾಣ, ಈಟಿ, ಏಣಿ ಹತ್ತಿ ಬರುವ ಆಳು, ಇವುಗಳನ್ನು ತಡೆಯಲು ಎತ್ತರವೇ ಮುಖ್ಯ. ಹೀಗಾಗಿ ಗೋಡೆ ಎತ್ತರವಾಗಿತ್ತು, ನೇರವಾಗಿತ್ತು. ಫಿರಂಗಿಯ ಕಬ್ಬಿಣದ ಗುಂಡಿಗೆ ಇಂಥ ಗೋಡೆ ಎದುರಾಳಿಯಲ್ಲ ಎಂದು ಮಸ್ಕತ್ ಬಂದರಿನಲ್ಲಿ ಕಂಡವರಿಗೆ ತಿಳಿಯದೆ ಇರಲು ಸಾಧ್ಯವಿರಲಿಲ್ಲ.

ಅದಕ್ಕೆ ಒಮಾನಿಗಳು ಕಟ್ಟಡದಲ್ಲೇ ಉತ್ತರ ಕೊಟ್ಟರು. 1624ರಲ್ಲಿ ರುಸ್ತಾಕ್‌ನಲ್ಲಿ ನಾಸಿರ್ ಬಿನ್ ಮುರ್ಶಿದ್ ಇಮಾಮನಾಗಿ ಆಯ್ಕೆಯಾದ. ಅವನಿಂದ ಆರಂಭವಾದ ಯಾರುಬಿ ಮನೆತನ ಹಂಚಿಹೋಗಿದ್ದ ಒಳನಾಡನ್ನು ಒಗ್ಗೂಡಿಸಿತು. ಅವನ ಉತ್ತರಾಧಿಕಾರಿ ಸುಲ್ತಾನ್ ಬಿನ್ ಸೈಫ್ 1650ರ ಜನವರಿಯಲ್ಲಿ ಪೋರ್ಚುಗೀಸರನ್ನು ಮಸ್ಕತ್‌ನಿಂದ ಹೊರಗಟ್ಟಿದ. ನಿಜ್ವಾದಲ್ಲಿ ಇಂದು ಕಾಣುವ ಮಹಾ ಬುರುಜು ಅವನದೇ ಕೆಲಸ. ಅದಕ್ಕೆ 12 ವರ್ಷ ಹಿಡಿಯಿತು ಎಂದು ಒಮಾನಿ ಪರಂಪರೆ ಹೇಳುತ್ತದೆ. ಈ ದುಂಡು ಬುರುಜಿನ ಎತ್ತರ ಸುಮಾರು 30 ಮೀಟರ್, ಅಡ್ಡಳತೆ 35 ಮೀಟರಿಗೂ ಹೆಚ್ಚು. ಇದರ ಜೀವಾಳವಿರುವುದು ಹೊರಗೆ ಕಾಣದ ಕಡೆ: ಒಳಭಾಗವನ್ನು ಸುಮಾರು ಅರ್ಧ ಎತ್ತರದವರೆಗೆ ಮಣ್ಣು, ಕಲ್ಲುಗಳಿಂದ ತುಂಬಿ ಗಟ್ಟಿ ದಿಬ್ಬ ಮಾಡಿದ್ದಾರೆ. ಅದರ ಮೇಲಿನ ಅಂಗಳದಲ್ಲಿ ಸುತ್ತಲೂ 24 ಫಿರಂಗಿ ಕಂಡಿಗಳು. ಕಲ್ಲುಗಳನ್ನು ಬೆಸೆದದ್ದು ಸುಟ್ಟ ಜೇಡಿಯಿಂದ ಮಾಡುವ ಸರೂಜ್ ಎಂಬ ಗಾರೆ. ಒಮಾನಿನ ಫಲಜ್ ಕಾಲುವೆಗಳಲ್ಲಿ ನೀರನ್ನು ಹಿಡಿದಿಡುವ ಗಾರೆಯೂ ಅದೇ. ಅದೇ ಮನೆತನದ ಎರಡನೆಯ ಸುಲ್ತಾನ್ ಬಿನ್ ಸೈಫ್ ಹದಿನೆಂಟನೆಯ ಶತಮಾನದ ಆರಂಭದಲ್ಲಿ ರಾಜಧಾನಿಯನ್ನು ರುಸ್ತಾಕ್‌ನಿಂದ ಅಲ್ ಹಜ್ಮ್‌ಗೆ ಒಯ್ದು, ಅಲ್ಲಿ ಎರಡು ದುಂಡು ಫಿರಂಗಿ ಬುರುಜುಗಳ ಕೋಟೆ ಕಟ್ಟಿದ. ಬಹ್ಲಾದ ಗೋಡೆಯಿಂದ ನಿಜ್ವಾದ ಬುರುಜಿಗೆ ಬರುವಷ್ಟರಲ್ಲಿ ಬದಲಾದದ್ದು ಮೈಯ ಆಕಾರ, ದಪ್ಪ ಮತ್ತು ಒಳಗಿನ ತುಂಬು.

ಆಕಾರದಿಂದ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದನ್ನು ಇಬ್ನ್ ಅಲ್ ಹೈತಮ್‌ನ ನಿಯಮದಿಂದಲೇ ಲೆಕ್ಕ ಹಾಕಬಹುದು. ಗೋಡೆಯನ್ನು ಒಡೆಯುವ ಕೆಲಸ ಮಾಡುವುದು ಮುಖ್ಯವಾಗಿ ಗುಂಡಿನ ಲಂಬ ಚಲನೆ. ಮೈಗುಂಟ ಸಾಗುವ ಭಾಗ ಸವರಿಕೊಂಡು ಹೋಗುತ್ತದೆ. ನೆಟ್ಟನೆಯ ಗೋಡೆಗೆ ಎದುರಿನಿಂದ ಹೊಡೆದರೆ ಎಲ್ಲಿ ತಾಗಿದರೂ ಗುಂಡಿನ ಪೂರ್ಣ ಶಕ್ತಿ ಗೋಡೆಯ ಮೇಲೆ ಬೀಳುತ್ತದೆ. ದುಂಡು ಬುರುಜಿಗೆ ಹೊಡೆದರೆ ಹಾಗಲ್ಲ. ನಟ್ಟನಡುವೆ ತಾಗಿದ ಗುಂಡು ಮಾತ್ರ ಪೂರ್ಣ ಶಕ್ತಿಯಿಂದ ತಾಗುತ್ತದೆ. ನಡುಗೆರೆಯಿಂದ ತ್ರಿಜ್ಯದ ಅರ್ಧದಷ್ಟು ಪಕ್ಕಕ್ಕೆ ಸರಿದರೆ ಲಂಬ ದಿಕ್ಕಿನ ಶಕ್ತಿ ನೂರಕ್ಕೆ 75 ಆಗುತ್ತದೆ. ತ್ರಿಜ್ಯದ ನೂರಕ್ಕೆ 87ರಷ್ಟು ಸರಿದರೆ ಕಾಲುಭಾಗ ಮಾತ್ರ ಉಳಿಯುತ್ತದೆ. ಬುರುಜಿನ ಅಗಲಕ್ಕೆಲ್ಲ ಸಮವಾಗಿ ಗುಂಡುಗಳು ಬಿದ್ದರೆ ಸರಾಸರಿ ಮೂರರಲ್ಲಿ ಎರಡು ಪಾಲು ಶಕ್ತಿಯಷ್ಟೇ ಗೋಡೆಗೆ ಇಳಿಯುತ್ತದೆ. ಗುರಿ ತಪ್ಪುವುದು ಸಾಮಾನ್ಯವಾಗಿದ್ದ ಆ ಕಾಲದ ಫಿರಂಗಿಗಳೆದುರು ಇದು ಸಣ್ಣ ಲಾಭವಲ್ಲ. ಕನ್ನಡ ನಾಡಿನ ಕಟ್ಟುವವರಿಗೂ ಈ ದಾರಿ ಹೊಳೆದಿತ್ತು. ವಿಜಯಪುರದ ಕೋಟೆಗೋಡೆಯ ಬುರುಜುಗಳು ಬಹುತೇಕ ದುಂಡಗಿವೆ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದ ಮಲಿಕ್ ಎ ಮೈದಾನ್ ಫಿರಂಗಿ ಇರುವುದು ಅಂಥದೇ ಬುರುಜಿನ ಮೇಲೆ. 1583ರ ಸುಮಾರಿಗೆ ಹೈದರ್ ಖಾನ್ ಕಟ್ಟಿಸಿದ ಉಪ್ಪಲಿ ಬುರುಜು ಊರ ನಡುವೆ ಒಂಟಿಯಾಗಿ ಎದ್ದುನಿಂತ ದುಂಡು ಗೋಪುರ. ನೆತ್ತಿಯ ಮೇಲೆ ಉದ್ದನೆಯ ತೋಪುಗಳನ್ನು ಹೊತ್ತ ಅದನ್ನು ನೋಡಿದವರಿಗೆ ನಿಜ್ವಾದ ಬುರುಜು ಹೊಸದೆನಿಸದು.

ಇಲ್ಲಿ ಒಂದು ಬಲವಾದ ಆಕ್ಷೇಪ ಏಳುತ್ತದೆ. ದುಂಡು ಆಕಾರ ಫಿರಂಗಿಗಿಂತ ಬಹಳ ಹಳೆಯದು. ಒಮಾನಿನಲ್ಲೇ, ಬಾತ್ ಎಂಬಲ್ಲಿ, ಕ್ರಿಸ್ತಪೂರ್ವ ಮೂರನೆಯ ಸಹಸ್ರಮಾನದ ದುಂಡು ಕಲ್ಲುಗೋಪುರಗಳಿವೆ. ಯುನೆಸ್ಕೊ ಅವನ್ನು 1988ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಜೊತೆಗೆ ನಿಜ್ವಾದ ಬುರುಜು ದುಂಡಗಿರುವುದು ಬರುವ ಗುಂಡನ್ನು ಜಾರಿಸಲೆಂದಲ್ಲ, ಸುತ್ತ ಎಲ್ಲ ದಿಕ್ಕಿಗೂ ಗುಂಡು ಹಾರಿಸಲೆಂದು. ಒಳಗೆ ಮಣ್ಣು ತುಂಬಿರುವುದು ತನ್ನದೇ ಫಿರಂಗಿಗಳ ಅದುರನ್ನು ತಾಳಿಕೊಳ್ಳಲೆಂದು. ಈ ಮಾತಿನಲ್ಲಿ ಸತ್ಯವಿದೆ, ಅದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು. ಆಕಾರ ಹಳೆಯದು ನಿಜ. ಆದರೆ ಹಲವು ಆಕಾರಗಳು ಕೈಯಲ್ಲಿದ್ದಾಗ ಯಾವುದನ್ನು ಯಾವಾಗ ಆರಿಸಿಕೊಂಡರು ಎಂಬುದರಲ್ಲಿ ಚರಿತ್ರೆಯಿದೆ. ಫಿರಂಗಿಯ ಕಾಲದಲ್ಲಿ ಯಾರುಬಿಗಳು ಹಳೆಯ ದುಂಡನ್ನೇ ಆರಿಸಿ, ಹಿಂದೆಂದೂ ಇಲ್ಲದಷ್ಟು ಹಿರಿದಾಗಿಸಿ, ಅದರ ಹೊಟ್ಟೆಯನ್ನು ತುಂಬಿಸಿದರು. ಇನ್ನು ಹಾರಿಸುವ ಉದ್ದೇಶದ ಮಾತು ನಮ್ಮ ವಾದವನ್ನು ಕೆಡಿಸುವುದಿಲ್ಲ, ಗಟ್ಟಿಗೊಳಿಸುತ್ತದೆ. ಬರುವ ಗುಂಡನ್ನು ತಾಳುವ ಮೈಯೇ ಹೋಗುವ ಗುಂಡಿಗೆ ದಿಕ್ಕು ಕೊಡುವ ನೆಲೆಯೂ ಆಯಿತು. ಆಟದ ಪಟ್ಟಿಯ ಕೆಲಸವೂ ಇವೆರಡೇ: ತಡೆಯುವುದು ಮತ್ತು ದಿಕ್ಕು ಕೊಡುವುದು. ಎರಡಕ್ಕೂ ಒಂದೇ ಗುಣ ಬೇಕು. ಆ ಗುಣ ಮೈಯ ಬಾಗು.

ಎರಡನೆಯ ಆಕ್ಷೇಪ ಯುರೋಪಿನ ಕಡೆಯಿಂದ ಬರುತ್ತದೆ. ದುಂಡು ಬುರುಜು ಅಷ್ಟು ಒಳ್ಳೆಯದಾಗಿದ್ದರೆ ಇಟಲಿಯ ಕೋಟೆಶಿಲ್ಪಿಗಳು ಅದನ್ನು ಬಿಟ್ಟು ಬಾಣದ ಮೊನೆಯಂಥ ಕೋನಬುರುಜುಗಳಿಗೆ ಯಾಕೆ ಹೋದರು? ಅದಕ್ಕೆ ಕಾರಣ ಗೊತ್ತಿರುವುದೇ. ದುಂಡು ಬುರುಜಿನ ಬುಡದಲ್ಲಿ ಅಕ್ಕಪಕ್ಕದ ಬುರುಜುಗಳ ಗುಂಡು ತಲುಪದ ಒಂದು ಕುರುಡು ಜಾಗ ಉಳಿಯುತ್ತದೆ. ಶತ್ರು ಅಲ್ಲಿ ಸೇರಿಕೊಂಡು ಸುರಂಗ ತೋಡಬಹುದು. ಕೋನಬುರುಜಿನಲ್ಲಿ ಆ ಜಾಗವಿಲ್ಲ. ಎಂದರೆ ಯುರೋಪಿನವರೂ ಗುಂಡಿನ ದಾರಿಯನ್ನು ಮೈಯ ಆಕಾರದಿಂದಲೇ ಆಳಲು ಹೊರಟರು. ಲೆಕ್ಕ ಬೇರೆ, ಉದ್ದೇಶ ಒಂದೇ. ಭಾರಿ ಮುತ್ತಿಗೆ ಫಿರಂಗಿಗಳನ್ನು ಹಜರ್ ಬೆಟ್ಟಗಳ ಕಣಿವೆ ದಾಟಿಸಿ ತರುವುದು ಕಷ್ಟವಾಗಿದ್ದ ಒಳನಾಡಿನಲ್ಲಿ ಆ ದುಬಾರಿ ಲೆಕ್ಕ ಬೇಕಾಗಿರಲಿಲ್ಲ. ಕೋನಬುರುಜಿನ ಶಕ್ತಿ ಒಮಾನಿಗಳಿಗೆ ಆಫ್ರಿಕಾದ ಕರಾವಳಿಯಲ್ಲಿ ಅನುಭವಕ್ಕೆ ಬಂತು. ಮೊಂಬಾಸಾದ ಫೋರ್ಟ್ ಜೀಸಸ್ ಕೋಟೆಯನ್ನು 1590ರ ದಶಕದಲ್ಲಿ ಜೊವಾನ್ನಿ ಬಟಿಸ್ಟಾ ಕೈರಾಟಿ ಎಂಬ ಇಟಲಿಯ ಶಿಲ್ಪಿ ಪೋರ್ಚುಗೀಸರಿಗಾಗಿ ವಿನ್ಯಾಸ ಮಾಡಿದ್ದ. 1696ರ ಮಾರ್ಚ್‌ನಲ್ಲಿ ಒಮಾನಿಗಳು ಅದನ್ನು ಮುತ್ತಿದರು. ಕೋಟೆ ಕೈಗೆ ಬಂದದ್ದು 1698ರ ಡಿಸೆಂಬರ್‌ನಲ್ಲಿ, 33 ತಿಂಗಳ ನಂತರ. ಅಷ್ಟು ಹೊತ್ತಿಗೆ ಒಳಗಿದ್ದವರನ್ನು ಹಸಿವೂ ರೋಗವೂ ಮುಗಿಸಿದ್ದವು. ಗೋಡೆಯನ್ನು ಗುಂಡು ಗೆಲ್ಲಲಿಲ್ಲ.

ಮಸ್ಕತ್‌ನ ಕಥೆಯೂ ಅದೇ ಮಾತು ಹೇಳುತ್ತದೆ. ಜಲಾಲಿ, ಮೀರಾನಿಗಳ ಗೋಡೆಯನ್ನು ಫಿರಂಗಿ ಸೀಳಿದ್ದರಿಂದ 1650ರ ಗೆಲುವು ಬಂತೆಂದು ಒಮಾನಿ ಚರಿತ್ರೆ ಹೇಳುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಇತಿಹಾಸಕಾರ ಇಬ್ನ್ ರುಜೈಕ್ ಬರೆದಿಟ್ಟ ಪ್ರಕಾರ, ಕೋಟೆಗೆ ಸರಕು ಒದಗಿಸುತ್ತಿದ್ದ ನರೂತಮ್ ಎಂಬ ಹಿಂದೂ ವರ್ತಕನ ಮಗಳನ್ನು ಪೋರ್ಚುಗೀಸ್ ಅಧಿಕಾರಿ ಬಯಸಿದ. ಒಪ್ಪದ ತಂದೆ, ಹಳೆಯ ನೀರೂ ಹಳೆಯ ಮದ್ದೂ ಕೆಟ್ಟಿವೆ, ಬದಲಿಸಬೇಕು ಎಂದು ಅವನನ್ನು ನಂಬಿಸಿ, ಎರಡನ್ನೂ ಕೋಟೆಯಿಂದ ಹೊರಹಾಕಿಸಿ ಇಮಾಮನಿಗೆ ಸುದ್ದಿ ಮುಟ್ಟಿಸಿದ. ಎರಡು ಶತಮಾನದ ನಂತರ ಬರೆದ ಈ ಕಥೆಯಲ್ಲಿ ದಂತಕಥೆಯ ಪಾಲು ಎಷ್ಟೇ ಇರಲಿ, ಅದನ್ನು ಹೇಳಿದವರಿಗೆ ಒಂದು ವಿಷಯ ಖಚಿತವಾಗಿತ್ತು: ಆ ಗೋಡೆಗಳು ಗುಂಡಿಗೆ ಬೀಳುವಂಥವಾಗಿರಲಿಲ್ಲ, ಬೀಳಬೇಕಾದರೆ ಅವುಗಳ ಒಳಗು ಬರಿದಾಗಬೇಕಿತ್ತು. ಆ ಒಳಗನ್ನು ತುಂಬಿದವರಲ್ಲಿ ನಮ್ಮ ಕರಾವಳಿಯವರೂ ಇದ್ದರು. ಪೋರ್ಚುಗೀಸರ ಕಾಲದಲ್ಲೂ ಆಮೇಲಿನ ಅರಬರ ಕಾಲದಲ್ಲೂ ಮಸ್ಕತ್‌ನ ಜನ ಉಂಡ ಅಕ್ಕಿಯಲ್ಲಿ ಬಹುಪಾಲು ಮಂಗಳೂರು, ಬಸರೂರು ಸೀಮೆಯಿಂದ ಹಡಗೇರಿ ಹೋದದ್ದು. ಟಿಪ್ಪು ಸುಲ್ತಾನ ಮಸ್ಕತ್‌ನಲ್ಲಿ ತನ್ನದೇ ವ್ಯಾಪಾರದ ಕೋಠಿ ಇಟ್ಟಿದ್ದ. 1786ರಲ್ಲಿ ತದಡಿ ಬಂದರಿನಿಂದ ಇಸ್ತಾಂಬುಲ್‌ಗೆ ಹೊರಟ ಅವನ ರಾಯಭಾರಿಗಳು ಮೊದಲು ತಂಗಿದ್ದೂ ಅಲ್ಲಿಯೇ.

ಟಿಪ್ಪುವಿನ ಹೆಸರು ಬಂದಾಗ ಮೂರನೆಯ ಆಕ್ಷೇಪವನ್ನು ತಪ್ಪಿಸಿಕೊಳ್ಳುವಂತಿಲ್ಲ. ಗೋಡೆಯೇ ಎಲ್ಲವನ್ನೂ ತೀರ್ಮಾನಿಸುತ್ತದೆ ಎನ್ನುವುದಾದರೆ ಶ್ರೀರಂಗಪಟ್ಟಣ ಯಾಕೆ ಬಿತ್ತು? 1799ರ ಏಪ್ರಿಲ್ ಕೊನೆಯಲ್ಲಿ ಇಂಗ್ಲಿಷರ ಫಿರಂಗಿಸಾಲು ಗುಂಡು ಸುರಿಸತೊಡಗಿತು. ಮೇ 3ರ ಹೊತ್ತಿಗೆ ಪಶ್ಚಿಮದ ಗೋಡೆಯಲ್ಲಿ ಕಂಡಿ ಬಿದ್ದಿತು. ಮೇ 4ರ ಮಧ್ಯಾಹ್ನ ಸೈನ್ಯ ಆ ಕಂಡಿಯಿಂದ ನುಗ್ಗಿ ಕೆಲವೇ ಗಂಟೆಗಳಲ್ಲಿ ಕೋಟೆಯನ್ನು ಹಿಡಿಯಿತು. ಗುಂಡಿನ ಶಕ್ತಿಗೆ ಇದಕ್ಕಿಂತ ಸಾಕ್ಷಿ ಬೇಕೇ ಎಂದು ಕೇಳಬಹುದು. ಆದರೆ ಮುತ್ತಿಗೆ ಹಾಕಿದವರು ಮಾಡಿದ ಕೆಲಸವನ್ನು ಬಿಡಿಸಿ ನೋಡಿದರೆ ಅವರ ಚಾತುರ್ಯವೆಲ್ಲ ಮೈಯನ್ನು ಆರಿಸುವುದರಲ್ಲಿತ್ತು. ಇಡೀ ದ್ವೀಪಕೋಟೆಯ ಸುತ್ತಳತೆಯಲ್ಲಿ ಅವರು ವಾಯವ್ಯ ಮೂಲೆಯ ಬಳಿಯ ಒಂದು ನೇರ ಗೋಡೆಯನ್ನು ಆರಿಸಿದರು. ಮಳೆಗಾಲಕ್ಕೆ ಮುಂಚಿನ ಕಾವೇರಿಯಲ್ಲಿ ಅಲ್ಲಿ ಹೊಳೆ ದಾಟಬಹುದಿತ್ತು. ಫಿರಂಗಿಗಳನ್ನು ಆ ಗೋಡೆಗೆ ಆದಷ್ಟು ಎದುರಾಗಿ, ಆದಷ್ಟು ಹತ್ತಿರ ನಿಲ್ಲಿಸಿದರು. ಮತ್ತೆ ಮತ್ತೆ ಅದೇ ಜಾಗಕ್ಕೆ ಹೊಡೆದರು. ಬೇರೆ ಕಡೆಯ ಗೋಡೆಗಳ ಮೇಲೆ ಅದೇ ಗುಂಡು, ಅದೇ ಮದ್ದು ಅಷ್ಟು ಬೇಗ ಆ ಫಲ ಕೊಡುತ್ತಿರಲಿಲ್ಲ. ಆಟದಲ್ಲೂ ಹೀಗೆಯೇ: ಪಳಗಿದವರು ಒಂದು ಪಕ್ಕದ ಇಟ್ಟಿಗೆಗಳನ್ನೇ ಒಡೆದು ಓಣಿ ಮಾಡಿ ಚೆಂಡನ್ನು ಗೋಡೆಯ ಹಿಂದಕ್ಕೆ ಕಳಿಸುತ್ತಾರೆ. ಅಲ್ಲಿ ಮೇಲಿನ ಗೋಡೆಗೂ ಇಟ್ಟಿಗೆಗಳ ಬೆನ್ನಿಗೂ ನಡುವೆ ಸಿಕ್ಕ ಚೆಂಡು ತಾನಾಗಿ ಸಾಲು ಸಾಲನ್ನೇ ಕೆಡವುತ್ತದೆ. 2015ರಲ್ಲಿ ಡೀಪ್‌ಮೈಂಡ್ ಸಂಸ್ಥೆ ಪ್ರಕಟಿಸಿದ ಕೃತಕ ಬುದ್ಧಿಮತ್ತೆ ಯಾರೂ ಹೇಳಿಕೊಡದೆ ಕಲಿತ ತಂತ್ರವೂ ಇದೇ. ಚೆಂಡು ಅಲ್ಲಿ ಬಲವಾಗುವುದಿಲ್ಲ. ಅದರ ಸುತ್ತಲಿನ ಮೈಗಳು ಹತ್ತಿರವಾಗುತ್ತವೆ.

ನಾಲ್ಕನೆಯ ಆಕ್ಷೇಪ ವಿಜ್ಞಾನ ಬಲ್ಲವರದು. ಆಟದ ಚೆಂಡು ಎಷ್ಟು ಪುಟಿದರೂ ಶಕ್ತಿ ಕಳೆದುಕೊಳ್ಳುವುದಿಲ್ಲ, ನಿಜವಾದ ಗುಂಡು ಹಾಗಲ್ಲ. ಮಣ್ಣಿನ ಗೋಡೆಗೆ ಬಿದ್ದ ಗುಂಡು ಪುಟಿಯುವುದೂ ಇಲ್ಲ, ಹೂತುಹೋಗುತ್ತದೆ. ಆದ್ದರಿಂದ ಎರಡನ್ನೂ ಒಂದೇ ನಿಯಮದಲ್ಲಿ ಕಟ್ಟುವುದು ತಪ್ಪು ಎಂಬುದು ಈ ಆಕ್ಷೇಪ. ವ್ಯತ್ಯಾಸವನ್ನು ಒಪ್ಪಲೇಬೇಕು. ಆದರೆ ವ್ಯತ್ಯಾಸ ಹುಟ್ಟುವುದೂ ಮೈಯಲ್ಲೇ. ಮೈ ಮೂರು ಕೆಲಸ ಮಾಡಬಲ್ಲದು: ಹಿಂದಕ್ಕೆ ಕಳಿಸುವುದು, ಪಕ್ಕಕ್ಕೆ ಜಾರಿಸುವುದು, ನುಂಗಿಕೊಳ್ಳುವುದು. ಪರದೆಯ ಗೋಡೆ ಮೊದಲನೆಯದನ್ನು ಮಾಡುತ್ತದೆ, ನಿಜ್ವಾದ ಬಾಗು ಎರಡನೆಯದನ್ನು, ಅದರ ಹೊಟ್ಟೆಯಲ್ಲಿರುವ ಮಣ್ಣು ಮೂರನೆಯದನ್ನು. ಚೆಂಡಿಗೆ ನಿಜವಾದ ನಡತೆ ಕೊಡಲು ಯಂತ್ರಗಳಿಂದ ಆಗುತ್ತಲೇ ಇರಲಿಲ್ಲ ಎಂದೂ ಅಲ್ಲ. 1958ರಲ್ಲಿ ಬ್ರೂಕ್‌ಹೇವನ್ ಪ್ರಯೋಗಾಲಯದ ವಿಲಿಯಂ ಹಿಗಿನ್‌ಬಾಥಮ್ ಅನಲಾಗ್ ಗಣಕಕ್ಕೆ ಆಸಿಲೋಸ್ಕೋಪ್ ಜೋಡಿಸಿ ಕಟ್ಟಿದ ಟೆನಿಸ್ ಆಟದಲ್ಲಿ ಚೆಂಡು ಗುರುತ್ವಕ್ಕೆ ಬಾಗಿ ಬೀಳುತ್ತಿತ್ತು, ನೆಲಕ್ಕೆ ತಾಗಿ ಪುಟಿಯುತ್ತಿತ್ತು. ಅದು ಪ್ರಕೃತಿಗೆ ಹತ್ತಿರವಾಗಿತ್ತು. ಆದರೂ ಲೋಕದ ಕೈಗೆ ಬಂದ ಆಟಗಳು ಬೇರೆ ದಾರಿ ಹಿಡಿದವು: ಚೆಂಡನ್ನು ಆದಷ್ಟು ಸರಳಗೊಳಿಸಿ, ಅದಕ್ಕೆ ತಾಗುವ ಮೈಗಳನ್ನು ಶ್ರೀಮಂತಗೊಳಿಸಿದವು. ಬಡ ಚಿಪ್‌ಗಳು ಆ ದಾರಿಗೆ ದೂಡಿದವು ನಿಜ, ಆದರೆ ಬಡ ಚಿಪ್‌ಗಳ ಕಾಲ ಮುಗಿದ ಮೇಲೂ ಆ ದಾರಿ ಉಳಿದುಕೊಂಡಿತು. ಕೋಟೆಯಿಂದ ಆಟ ಹುಟ್ಟಿತು ಎಂದು ಇಲ್ಲಿ ಹೇಳುತ್ತಿಲ್ಲ. ಅಟಾರಿಯಲ್ಲಿ ಕೂತವರು ನಿಜ್ವಾವನ್ನು ನೆನೆದಿರಲಾರರು. ಬೇರೆ ಬೇರೆ ಕಾಲದಲ್ಲಿ ಒಂದೇ ಸಮಸ್ಯೆ ಎದುರಿಸಿದವರು ಒಂದೇ ಕಡೆ ಉತ್ತರ ಹುಡುಕಿದರು ಎಂಬುದಷ್ಟೇ ಇಲ್ಲಿನ ಮಾತು.

ಕೊನೆಯದಾಗಿ ಮನುಷ್ಯನ ಇಚ್ಛೆಯ ಪ್ರಶ್ನೆ. ಆಡುವವನಿಲ್ಲದೆ ಆಟವಿಲ್ಲ, ಹೊಡೆಯುವವನಿಲ್ಲದೆ ಯುದ್ಧವಿಲ್ಲ. ಎಲ್ಲವನ್ನೂ ಮೈಗೆ ಒಪ್ಪಿಸಿದರೆ ಮನುಷ್ಯನಿಗೆ ಉಳಿದದ್ದೇನು? ಇದಕ್ಕೆ ಉತ್ತರ ಆಟವೇ ಕೊಡುತ್ತದೆ. ಬ್ರೇಕ್‌ಔಟ್ ಆಡುವವನು ಆಟ ಮುಗಿಯುವವರೆಗೆ ಒಮ್ಮೆಯೂ ಚೆಂಡನ್ನು ಮುಟ್ಟುವುದಿಲ್ಲ. ಅವನ ಕೈಯಲ್ಲಿರುವುದು ಪಟ್ಟಿ, ಅಂದರೆ ಒಂದು ಮೈ. ಅದನ್ನು ಎಲ್ಲಿ ನಿಲ್ಲಿಸುತ್ತಾನೆ, ಅದರ ಯಾವ ಅಂಚನ್ನು ಒಡ್ಡುತ್ತಾನೆ ಎಂಬುದರಲ್ಲಿ ಅವನ ಜಾಣ್ಮೆಯೆಲ್ಲ ಇದೆ. ಮನುಷ್ಯನ ಇಚ್ಛೆ ಚೆಂಡಿನಲ್ಲಿಲ್ಲದಿರಬಹುದು, ಅದು ಗೋಡೆಯಲ್ಲಿದೆ. ಇದನ್ನು ಒಪ್ಪಿಕೊಂಡರೆ ಚರಿತ್ರೆಯನ್ನು ಹೇಳುವ ರೀತಿಯೂ ಬದಲಾಗಬೇಕಾಗುತ್ತದೆ. ನಾವು ಯುದ್ಧಗಳನ್ನು ಹೊಡೆದವರ ಹೆಸರಿನಲ್ಲಿ ನೆನೆಯುತ್ತೇವೆ. ಫಿರಂಗಿಗಳಿಗೆ ಹೆಸರಿಡುತ್ತೇವೆ, ಗೋಡೆ ಕಟ್ಟಿದ ಒಡ್ಡರು, ಉಪ್ಪಾರರು, ಗಾರೆಯವರು ಯಾರೆಂದು ಕೇಳುವುದಿಲ್ಲ. ನಿಜ್ವಾದ ಬುರುಜು ಒಬ್ಬ ಇಮಾಮನ ಹೆಸರಿನಲ್ಲಿದೆ. ಅದರ ಬಾಗನ್ನು ಹಿಡಿದ, ಹೊಟ್ಟೆ ತುಂಬಿದ, ಸರೂಜ್ ಅರೆದ ಕೈಗಳ ಹೆಸರನ್ನು ಶಾಸನಗಳು ಹೇಳುವುದಿಲ್ಲ. ಬಹ್ಲಾದ ಅನುಭವ ಇನ್ನೂ ಸ್ಪಷ್ಟವಾಗಿದೆ. 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಆ ಕೋಟೆ ಮರುವರ್ಷವೇ ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಸೇರಿತು. ಅದನ್ನು ಆ ಪಟ್ಟಿಯಿಂದ ತೆಗೆದದ್ದು 2004ರಲ್ಲಿ. ಆ ವರ್ಷಗಳಲ್ಲಿ ಅದಕ್ಕೆ ಯಾರೂ ಗುಂಡು ಹಾರಿಸಿರಲಿಲ್ಲ. ಮಳೆಗೆ ಕರಗುವ ಹಸಿ ಇಟ್ಟಿಗೆಯನ್ನು ಕಾಲಕಾಲಕ್ಕೆ ಮೆತ್ತುವ ಕೈ ಇಲ್ಲವಾದದ್ದೇ ಅದರ ಅಪಾಯ, ಆ ಕೆಲಸ ಬಲ್ಲವರನ್ನು ಮತ್ತೆ ಕೆಲಸಕ್ಕೆ ಹಚ್ಚಿದ್ದೇ ಅದರ ಉಳಿವು. ಗೋಡೆಗೆ ತಾಗುವ ಗುಂಡುಗಳು ಕಾಲದಿಂದ ಕಾಲಕ್ಕೆ ಬದಲಾಗುತ್ತವೆ. ಗೋಡೆ ಏನಾಗಬೇಕೆಂದು ತೀರ್ಮಾನಿಸುವವರು ಮಾತ್ರ ಯಾವಾಗಲೂ ಅದನ್ನು ಕಟ್ಟುವವರು ಮತ್ತು ಕಾಯುವವರು. ಒಮಾನಿನಲ್ಲಾಗಲಿ ವಿಜಯಪುರದಲ್ಲಾಗಲಿ ಕೋಟೆಯ ಚರಿತ್ರೆ ಅವರಿಂದಲೇ ಆರಂಭವಾಗಬೇಕು.